ಮೂರಡಿ ಕೊಟ್ಟರೆ ಸಾಕು

ಲೈಪ್‌ಜಿಗ್, ಜರ್ಮನಿ
ಅಕ್ಟೋಬರ್ 12

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ. ಅಪ್ಪ ಅಮ್ಮನಿಗೆ ನಮಸ್ಕಾರ.

ಇಲ್ಲಿ ನಾವೆಲ್ಲ ಕ್ಷೇಮ. ಅಕ್ಕಿ ಎಲ್ಲಿಂದ ಬರುತ್ತದೆ ಎಂದರೆ ನಿನ್ನ ಮಗ ಪುಟ್ಟ "ಅಂಗಡಿಯಿಂದ" ಅನ್ನುತ್ತಾನೆ, ಅವನಿಗೊಂದು ತರಕಾರಿ ಪಾತಿ ಮಾಡಿಕೊಡಬೇಕು, ಹೇಗೆ ಅಂತ ಕೇಳಿದ್ದಿಯಲ್ಲ. ಫೋನಿನಲ್ಲಿ ಹೇಳಿದರೆ ಅಳತೆ ಒಂದೂ ನೆನಪಿರುವುದಿಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಅಡುಗೆಮನೆಯ ಗೋಡೆಗೆ ಅಂಟಿಸಿಡು.

ಸಮಯ ಸರಿಯಾಗಿಯೇ ಇದೆ. ಇಲ್ಲಿ ಮಂಜು ಬೀಳುವ ಹೊತ್ತು ಬಂತು, ತೋಟಗಳೆಲ್ಲ ಮುಚ್ಚುತ್ತಿವೆ. ಮುಂದಿನ ಮೇ 15 ದಾಟದೆ ಬೀನ್ಸ್ ಬೀಜವನ್ನು ಯಾರೂ ಹೊರಗೆ ಊರುವುದಿಲ್ಲ. ಅಲ್ಲಿ ಕಾಸರಗೋಡಿನಲ್ಲಿ ನಿಮಗೆ ಮಳೆ ಹಿಂದೆ ಸರಿದು ನೆಟ್ಟಿಕಾಯಿ, ಅಂದರೆ ತರಕಾರಿ, ಮಾಡುವ ಕಾಲ ಈಗಷ್ಟೇ ಶುರು. ಇವತ್ತು ಸುಣ್ಣ ಹಾಕಿದರೆ ತಿಂಗಳ ಕೊನೆಗೆ ಬೀಜ ಹಾಕಬಹುದು.

ಮೊದಲ ಮಾತು ಜಾಗದ ಅಳತೆ. ಮೂರಡಿ ಅಗಲ, ನಾಲ್ಕಡಿ ಉದ್ದ. ಅದಕ್ಕಿಂತ ಒಂದು ಗೇಣೂ ಹೆಚ್ಚು ಬೇಡ. ಐದು ವರ್ಷದ ಮಗುವಿನ ಕೈ ಕುಳಿತಲ್ಲಿಂದ ಒಂದೂವರೆ ಅಡಿ ಮುಟ್ಟುತ್ತದೆ. ಎರಡೂ ಬದಿಯಿಂದ ಕೈ ಹಾಕಿದರೆ ಮೂರಡಿ ಆಯಿತು. ಅಗಲ ನಾಲ್ಕಡಿ ಮಾಡಿದೆಯೋ, ನಡುವಿನ ಗಿಡ ಮುಟ್ಟಲು ಅವನು ಪಾತಿಯ ಒಳಗೇ ಕಾಲಿಡುತ್ತಾನೆ, ಸಡಿಲ ಮಾಡಿದ ಮಣ್ಣು ಮತ್ತೆ ಅಂಗಳದ ಹಾಗೆ ಗಟ್ಟಿಯಾಗುತ್ತದೆ. ವಾಮನ ಕೇಳಿದ್ದೂ ಮೂರಡಿಯೇ. ಕೊಡುವಾಗ ಉದಾರ ಮನಸ್ಸು ಮಾಡಿ ಹತ್ತಡಿ ಕೊಟ್ಟರೆ ಹೆಚ್ಚಿನ ಏಳಡಿ ಕೊನೆಗೆ ನಿನ್ನ ತಲೆಯ ಮೇಲೆಯೇ. ಇದು ನನ್ನ ಅನುಮಾನವಲ್ಲ, ಈ ಊರಿನ ಚರಿತ್ರೆ. 1865ರಲ್ಲಿ ಲೈಪ್‌ಜಿಗ್‌ನಲ್ಲಿ ಮಕ್ಕಳಿಗೆಂದು ಒಂದು ಆಟದ ಬಯಲು ಮಾಡಿದರು. ಆಮೇಲೆ ಗೆಸೆಲ್ ಎಂಬ ನಿವೃತ್ತ ಮೇಷ್ಟ್ರು ಅದರ ಅಂಚಿನಲ್ಲಿ ಮಕ್ಕಳಿಗೆ ಪಾತಿ ಹಾಕಿಕೊಟ್ಟರು. ಮಕ್ಕಳಿಗೆ ಬೇಗ ಬೇಜಾರು ಬಂತು, ಕಳೆ ತುಂಬಿತು, ಕೊನೆಗೆ ಅಪ್ಪ ಅಮ್ಮಂದಿರೇ ಗುದ್ದಲಿ ಹಿಡಿದರು. ಇವತ್ತು ಜರ್ಮನಿಯ ಎಷ್ಟೋ ಊರುಗಳಲ್ಲಿ ಕಾಣುವ 'ಶ್ರೇಬರ್ ತೋಟ'ಗಳು, ಅಂದರೆ ಮನೆಮಂದಿ ಬಾಡಿಗೆಗೆ ಹಿಡಿದು ಬೆಳೆಸುವ ಸಣ್ಣ ತೋಟಗಳು, ಹಾಗೆ ಹುಟ್ಟಿದವು. ದೊಡ್ಡವರಿಗೆ ಒಳ್ಳೆಯದೇ ಆಯಿತು, ಮಕ್ಕಳ ಪಾತಿ ಮಾತ್ರ ಮಕ್ಕಳ ಕೈತಪ್ಪಿತು. ಅದಕ್ಕೂ ಮೊದಲು, 1840ರಲ್ಲಿ, ತನ್ನ ಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಫ್ರೋಬೆಲ್ ಒಂದೊಂದು ಮಗುವಿಗೆ ಒಂದೊಂದು ಸಣ್ಣ ಪಾತಿ ಕೊಟ್ಟು, ಅದರ ಜೊತೆಗೆ ಎಲ್ಲರದ್ದೂ ಆದ ಪಾತಿಯನ್ನು ಬೇರೆ ಇಟ್ಟಿದ್ದರು. ಆ ಹೆಸರಿನ ಅರ್ಥವೇ ಮಕ್ಕಳ ತೋಟ ಅಂತ. ಈಗ ನಮ್ಮ ಕಡೆಯ ಎಷ್ಟೋ ಕಿಂಡರ್‌ಗಾರ್ಟನ್‌ಗಳ ಅಂಗಳಕ್ಕೆ ಇಂಟರ್‌ಲಾಕ್ ಹಾಸಿರುತ್ತಾರೆ, ಅದು ಬೇರೆ ಮಾತು.

ಜಾಗ ಎಲ್ಲಿ? ಅಡಿಕೆ ತೋಟದ ಒಳಗೆ ಬೇಡ. ಬಿಸಿಲು ಸಾಲದು. ಹರಿವೆ, ಬೆಂಡೆ, ಅಲಸಂಡೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಇನ್ನೊಂದು ಕಾರಣವೂ ಇದೆ: ಕೊಳೆರೋಗಕ್ಕೆ ಮದ್ದು ಬಿಡುವಾಗ ಮೈಲುತುತ್ತು ಬೆರೆಸಿದ ಬೋರ್ಡೋ ದ್ರಾವಣ ಕೆಳಗಿನ ಸೊಪ್ಪಿನ ಮೇಲೆ ಸುರಿಯುತ್ತದೆ. ಮಗು ಕಿತ್ತು ಬಾಯಿಗೆ ಹಾಕುವ ಎಲೆಯ ಮೇಲೆ ಮೈಲುತುತ್ತು ಬೀಳಬಾರದು. ಅಂಗಳದ ದಕ್ಷಿಣ ಅಂಚು, ಅಡಿಕೆ ಒಣಗಿಸುವ ಜಾಗದಿಂದ ಆಚೆಗೆ, ಸರಿಯಾದೀತು. ಅಡುಗೆಮನೆಯ ಬಾಗಿಲಿಂದ ಕಾಣುವಂತಿದ್ದರೆ ಇನ್ನೂ ಒಳ್ಳೆಯದು, ಕಣ್ಣಿಗೆ ಬೀಳದ ಪಾತಿಗೆ ನೀರೂ ಬೀಳುವುದಿಲ್ಲ. ಉದ್ದನೆಯ ಬದಿ ಪೂರ್ವ–ಪಶ್ಚಿಮ ಇರಲಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಎತ್ತರದ ಗಿಡ ಉತ್ತರಕ್ಕೆ, ಗಿಡ್ಡದ್ದು ದಕ್ಷಿಣಕ್ಕೆ. ಆಗ ಒಂದರ ನೆರಳು ಇನ್ನೊಂದಕ್ಕೆ ಬೀಳುವುದಿಲ್ಲ.

ಒಂದು ಗೇಣು ಆಳ ಅಗೆದು ಮುರಕಲ್ಲಿನ ಚೂರುಗಳನ್ನು ಹೆಕ್ಕಿಸು. ಹೆಕ್ಕುವ ಕೆಲಸ ಪುಟ್ಟನದು, ಗೆರಟೆಯಲ್ಲಿ ತುಂಬಿ ತುಂಬಿ ಹೊರಗೆ ಹಾಕಲಿ. ನಮ್ಮ ಕೆಂಪು ಮಣ್ಣು ಹುಳಿ ಮಣ್ಣು. ಮಳೆಗಾಲ ಮುಗಿಯುವಷ್ಟರಲ್ಲಿ ಸುಣ್ಣದ ಅಂಶವೆಲ್ಲ ತೊಳೆದುಹೋಗಿರುತ್ತದೆ. ಹುಳಿ ಮಣ್ಣಿನಲ್ಲಿ ಬೇರು ಮೊಂಡಾಗುತ್ತದೆ, ಹಾಕಿದ ಗೊಬ್ಬರ ಗಿಡಕ್ಕೆ ಸರಿಯಾಗಿ ಸಿಗುವುದಿಲ್ಲ. ಈ ಹನ್ನೆರಡು ಚದರ ಅಡಿಗೆ 60ರಿಂದ 80 ಗ್ರಾಂ ಕೃಷಿ ಸುಣ್ಣ ಸಾಕು. ಇದು ನಿನ್ನ ಕೆಲಸ, ಪುಟ್ಟನದಲ್ಲ. ಗಾಳಿಗೆ ಹಾರಿ ಕಣ್ಣಿಗೆ ಬಿದ್ದರೆ ಸುಡುತ್ತದೆ. ಸುಣ್ಣ ಹಾಕಿ ಮಣ್ಣಿಗೆ ಬೆರೆಸಿ, ಸ್ವಲ್ಪ ನೀರು ಚಿಮುಕಿಸಿ, ಎರಡು ವಾರ ಸುಮ್ಮನೆ ಬಿಡು. ಆಮೇಲೆಯೇ ಹಟ್ಟಿಗೊಬ್ಬರ. ಎರಡನ್ನೂ ಒಂದೇ ದಿನ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮೂಗಿಗೆ ಘಾಟು ಬಂದರೆ ಗೊಬ್ಬರ ಹೋಯಿತು ಅಂತಲೇ ಲೆಕ್ಕ.

ಹಟ್ಟಿಗೊಬ್ಬರ ಮೂರರಿಂದ ನಾಲ್ಕು ಕಿಲೋ, ಚೆನ್ನಾಗಿ ಕಳಿತದ್ದು. ಕಳಿತಿದೆಯೋ ಇಲ್ಲವೋ ಎಂದು ಮೂಸಿ ನೋಡಲು ಪುಟ್ಟನಿಗೇ ಕಲಿಸು: ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಯಿತು, ಹಟ್ಟಿಯ ವಾಸನೆಯೇ ಇದ್ದರೆ ಇನ್ನೂ ಕಾಯಬೇಕು. ಗೊಬ್ಬರದ ರಾಶಿ ಬಗೆದಾಗ ಹೆಬ್ಬೆರಳು ಗಾತ್ರದ ಬಿಳಿ ಹುಳು ಸುರುಳಿ ಸುತ್ತಿ ಮಲಗಿದ್ದರೆ ಅದು ಕುರುವಾಯಿಯ ಮರಿ. ದೊಡ್ಡದಾದ ಮೇಲೆ ತೆಂಗಿನ ಸುಳಿ ಕೊರೆಯುವುದು ಅದೇ. ಹೆಕ್ಕಿ ಕೋಳಿಗೆ ಹಾಕಲಿ. ಸೆಗಣಿ ಗೊಬ್ಬರವಾಗುತ್ತದೆ, ಗೊಬ್ಬರದಲ್ಲಿ ಹುಳು ಬೆಳೆಯುತ್ತದೆ, ಹುಳು ತಿಂದ ಕೋಳಿ ಮೊಟ್ಟೆಯಿಡುತ್ತದೆ: ಐದು ವರ್ಷಕ್ಕೆ ಇಷ್ಟು ಪಾಠ ಧಾರಾಳ ಸಾಕು.

ಇನ್ನು ಏನು ಬೆಳೆಸುವುದು. ಬೀಜದ ಪೊಟ್ಟಣ ಕೇರಳ ಕೃಷಿ ಇಲಾಖೆಯ ಕೃಷಿಭವನದಲ್ಲಿ ಸಿಗುತ್ತದೆ. ಮೇಲಿನ ಬರಹ ಮಲಯಾಳದಲ್ಲಿರುತ್ತದೆ. ಅಡಿಕೆ ಹಾಳೆಯ ಪಟ್ಟಿ ಕತ್ತರಿಸಿ, ಅದರ ಮೇಲೆ ಹೆಸರನ್ನು ಕನ್ನಡದಲ್ಲಿ ಪುಟ್ಟನ ಕೈಯಲ್ಲೇ ಬರೆಸಿ ಊರಿಸು. ಅ-ಆ ಕಲಿಯುವ ಮಗುವಿಗೆ 'ಹ'ಕ್ಕೆ ಹರಿವೆ, 'ಬ'ಕ್ಕೆ ಬೆಂಡೆ ಕಣ್ಣೆದುರಿಗೇ ನಿಂತಿರುತ್ತವೆ.

ಬೆಳೆ ಆರಿಸುವಾಗ ನಿನ್ನ ನಾಲಿಗೆಯ ಲೆಕ್ಕ ಬೇಡ, ಮಗುವಿನ ತಾಳ್ಮೆಯ ಲೆಕ್ಕ ಬೇಕು. ಒಂದು ಬೇಗ ಬರುವುದು, ಒಂದು ನಡುವಿನದು, ಒಂದು ನಿಧಾನದ್ದು. ಬೇಗದ್ದು ಹರಿವೆ. ಪಾತಿಯ ದಕ್ಷಿಣದ ಒಂದಡಿ ಅಗಲವನ್ನು ಅದಕ್ಕೆ ಬಿಡು. ಬೀಜ ಸಾಸಿವೆಗಿಂತ ಸಣ್ಣ. ಮಗು ಹಾಗೇ ಚೆಲ್ಲಿದರೆ ಎಲ್ಲ ಒಂದೇ ಕಡೆ ಬೀಳುತ್ತದೆ. ಒಂದು ಚಿಟಿಕೆ ಬೀಜವನ್ನು ಒಂದು ಗೆರಟೆ ಒಣ ಮರಳಿಗೆ ಬೆರೆಸಿ, ಉಪ್ಪು ಉದುರಿಸುವ ಹಾಗೆ ಉದುರಿಸಲಿ. ಸ್ವಲ್ಪ ರವೆಯನ್ನೂ ಬೆರೆಸು. ಇರುವೆ ರವೆ ಹೊತ್ತುಕೊಂಡು ಹೋಗುವ ಗಡಿಬಿಡಿಯಲ್ಲಿ ಬೀಜವನ್ನು ಬಿಡುತ್ತದೆ. ಮೇಲೆ ಮಣ್ಣು ಮುಚ್ಚುವುದು ಬೇಡ, ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ಹೆಚ್ಚು ಆಳಕ್ಕೆ ಹೋದರೆ ಅಷ್ಟು ಸಣ್ಣ ಬೀಜದ ಒಳಗಿನ ಬುತ್ತಿ ಮೇಲೆ ಬರುವ ಮೊದಲೇ ಮುಗಿದುಹೋಗುತ್ತದೆ. ಮೂರರಿಂದ ಐದು ದಿನದಲ್ಲಿ ಮೊಳಕೆ. ಎರಡು ವಾರಕ್ಕೆ ದಟ್ಟವಾಗಿದ್ದಲ್ಲಿ ಕಿತ್ತು ಬಿಡಿಸಬೇಕು, ಕಿತ್ತದ್ದೇ ಮೊದಲ ಕೊಯ್ಲು. ಒಂದು ಮುಷ್ಟಿ ಎಳೆ ಹರಿವೆಗೆ ಅಮ್ಮ ತೆಂಗಿನಕಾಯಿ ಹಾಕಿ ಪಲ್ಯ ಮಾಡಿ ಅದೇ ಮಧ್ಯಾಹ್ನ ಬಡಿಸಲಿ. ತಿಂಗಳಿಗೆ ಸರಿಯಾಗಿ ದೊಡ್ಡ ಗಿಡ ಕೊಯ್ಯಲು ಬರುತ್ತದೆ. ಬುಡ ಸಹಿತ ಕೀಳಬೇಡಿ, ನಾಲ್ಕು ಬೆರಳು ದಂಟು ಬಿಟ್ಟು ಕೊಯ್ದರೆ ಪಕ್ಕದಿಂದ ಮತ್ತೆ ಚಿಗುರಿ ಇನ್ನೆರಡು ಸಲ ಸಿಗುತ್ತದೆ.

ಹರಿವೆಯಲ್ಲಿ ಕೆಂಪು 'ಅರುಣ್' ತಳಿ ಮಕ್ಕಳಿಗೆ ಇಷ್ಟ, ಅನ್ನದ ಬಣ್ಣ ಬದಲಾಗುತ್ತದಲ್ಲ. ಆದರೆ ಕೆಂಪು ಹರಿವೆಗೆ ಎಲೆಚುಕ್ಕೆ ಬೇಗ ಹಿಡಿಯುತ್ತದೆ. ಎಲೆಯ ಮೇಲೆ ಬಿಳಿ ಬಿಳಿ ಕಲೆ ಬಂದು ತೂತಾಗುತ್ತದೆ. ಹಸಿರು 'ಕೋ–1' ತಳಿ ಅದನ್ನು ತಡೆದುಕೊಳ್ಳುತ್ತದೆ. ಎರಡನ್ನೂ ಬೆರೆಸಿ ಬಿತ್ತಿದರೆ ರೋಗ ಗಿಡದಿಂದ ಗಿಡಕ್ಕೆ ಹರಡುವುದು ಕಡಿಮೆ. ನೀರನ್ನು ಎಲೆಯ ಮೇಲೆ ಹೊಯ್ಯದೆ ಬುಡಕ್ಕೆ ಹೊಯ್ದರೆ ಅರ್ಧ ರೋಗ ಅಲ್ಲಿಗೇ ನಿಂತಿತು.

ನಡುವಿನದು ಅಲಸಂಡೆ. ಉತ್ತರದ ಅಂಚಿಗೆ ಮೂರು ಗುಣಿ, ಒಂದೊಂದರಲ್ಲಿ ಎರಡು ಬೀಜ, ಪುಟ್ಟನ ತೋರುಬೆರಳಿನ ಮೊದಲ ಗೆಣ್ಣಿನಷ್ಟು ಆಳ. ಮಕ್ಕಳ ಕೈಗೆ ಇದಕ್ಕಿಂತ ಒಳ್ಳೆಯ ಬೀಜ ಇಲ್ಲ: ಹಿಡಿಯಲು ದೊಡ್ಡದು, ನಾಲ್ಕು ದಿನದಲ್ಲಿ ಬೆನ್ನು ಬಾಗಿಸಿ ಮಣ್ಣು ಎತ್ತಿಕೊಂಡು ಏಳುತ್ತದೆ. ಬಳ್ಳಿ ಅಲಸಂಡೆಯಾದರೆ ಆರಡಿ ಕಂಬ ನೆಟ್ಟಗೆ ನಿಲ್ಲಿಸಬೇಡ, ಕಾಯಿ ಪುಟ್ಟನ ಕೈಗೆ ಸಿಗುವುದಿಲ್ಲ. ಕೋಲುಗಳನ್ನು ಓರೆಯಾಗಿ ನೆಟ್ಟು ತುದಿಯನ್ನು ನಾಲ್ಕಡಿ ಎತ್ತರದಲ್ಲಿ ಸೇರಿಸಿ ಬಾಳೆನಾರಿನಿಂದ ಕಟ್ಟು. ಕಾಯಿ ಒಳಮುಖವಾಗಿ ಇಳಿಬೀಳುತ್ತದೆ. ಕೋಲು ಕಟ್ಟುವುದೇ ಬೇಡ ಎಂದರೆ 'ಭಾಗ್ಯಲಕ್ಷ್ಮಿ' ಎಂಬ ಗಿಡ್ಡ ತಳಿ ಇದೆ. ಐವತ್ತು ದಿನಕ್ಕೆ ಕೊಯ್ಲು ಶುರು. ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ಒಳಗೆ ಬೀಜ ಬಲಿಯುತ್ತದೆ. ಬೀಜ ಬಲಿಯಿತೆಂದರೆ ಬಳ್ಳಿಗೆ ತನ್ನ ಕೆಲಸ ಮುಗಿದ ಹಾಗೆ, ಹೂ ಬಿಡುವುದು ಕಡಿಮೆ ಮಾಡುತ್ತದೆ.

ಅಲಸಂಡೆಯ ಒಂದು ಗಿಡವನ್ನು ತಿಂಗಳು ದಾಟಿದ ಮೇಲೆ ಬೇಕೆಂದೇ ಕೀಳಬೇಕು. ಎಳೆದರೆ ಬೇರಿನ ಗಂಟು ಮಣ್ಣಲ್ಲೇ ಉಳಿಯುತ್ತದೆ, ಆದ್ದರಿಂದ ಮಣ್ಣು ಸಹಿತ ಎತ್ತಿ ಬಕೆಟ್ ನೀರಿನಲ್ಲಿ ಅಲುಗಾಡಿಸು. ಬೇರಿಗೆ ಸಾಸಿವೆಯಷ್ಟು, ಮೆಣಸಿನ ಕಾಳಿನಷ್ಟು ಗಂಟುಗಳು ಅಂಟಿರುತ್ತವೆ. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿಕೊಡುವ ಸೂಕ್ಷ್ಮಜೀವಿಗಳು ಇರುವುದು ಅದರೊಳಗೆ. ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ, ಹಸಿರೋ ಕಂದೋ ಇದ್ದರೆ ನಿಂತಿದೆ. ಪುಟ್ಟನಿಗೆ "ಗಿಡ ತನ್ನ ಊಟವನ್ನು ಕೆಳಗೆ ಬೇಯಿಸಿಕೊಳ್ಳುತ್ತಿದೆ" ಎಂದರೆ ಸಾಕು.

ನಡುವಿನ ಸಾಲಿಗೆ ಬೆಂಡೆ, ಒಂದೂವರೆ ಅಡಿಗೆ ಒಂದರಂತೆ ಮೂರೇ ಗಿಡ. ಬೆಂಡೆಯ ಹೂವಿನದು ಒಂದೇ ದಿನದ ಬಾಳು. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡುತ್ತದೆ. ಅರಳಿದ ದಿನ ಹೂವಿನ ತೊಟ್ಟಿಗೆ ಒಂದು ನೂಲು ಕಟ್ಟಿಸಿ ದಿನ ಎಣಿಸಲು ಹೇಳು. ಐದಾರನೆಯ ದಿನಕ್ಕೆ ಕಾಯಿ ಕೊಯ್ಯಲು ಸರಿ. ತುದಿ ಮುರಿದಾಗ 'ಟಕ್' ಅಂದರೆ ಎಳೆಯದು, ಬಾಗಿದರೆ ನಾರಾಯಿತು. ಗಿಡದ ಸುಂಕು ಕೈ ತುರಿಸುತ್ತದೆ, ಉದ್ದ ತೋಳಿನ ಅಂಗಿ ಹಾಕಿಸು.

ಪಾತಿಯ ಹೊರಗೆ ಎರಡು ಬಳ್ಳಿ. ಬಚ್ಚಲಿನ ನೀರು ಹೋಗುವಲ್ಲಿ ಬಸಳೆಯ ಒಂದಡಿ ತುಂಡು, ಮೂರು ಗೆಣ್ಣು ಇರುವಂಥದ್ದು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಓರೆಯಾಗಿ ನೆಡಿ. ಎಲ್ಲವೂ ಬೀಜದಿಂದಲೇ ಹುಟ್ಟುವುದಿಲ್ಲ ಎಂದು ತಿಳಿಯಲು ಅದು. ಸೋಪಿನ ನೀರು ನೇರವಾಗಿ ಬುಡಕ್ಕೆ ನಿಲ್ಲದಿರಲಿ. ಇನ್ನೊಂದು, ಗೊಬ್ಬರಗುಂಡಿಯ ಅಂಚಿಗೆ ಮೊಗೆಕಾಯಿ, ಅದೇ ಮಂಗಳೂರು ಸೌತೆ. ಅದು ನಿಧಾನದ್ದು. ಅದರ ಹೂವಿನ ಪಾಠ ಸ್ವಲ್ಪ ಉದ್ದಕ್ಕೆ ಹೇಳಬೇಕು, ಏಕೆಂದರೆ ಎಲ್ಲರೂ ಎಡವುವುದು ಅಲ್ಲೇ.

ಬಳ್ಳಿ ಮೊದಲು ಗಂಡು ಹೂವನ್ನಷ್ಟೇ ಬಿಡುತ್ತದೆ. ಎಂಟು ಹತ್ತು ದಿನ ಹೂ ಅರಳಿ ಉದುರುವುದನ್ನು ನೋಡಿ ಬಳ್ಳಿಗೆ ಏನೋ ಆಗಿದೆ ಎಂದು ಗೊಬ್ಬರ ಸುರಿಯುತ್ತಾರೆ. ಏನೂ ಆಗಿಲ್ಲ, ಗಂಡು ಹೂ ಉದುರಲೇಬೇಕು. ಆಮೇಲೆ ಹೆಣ್ಣು ಹೂ ಬರುತ್ತದೆ. ಗುರುತು ಸುಲಭ: ಹೂವಿನ ಕೆಳಗೆ ಹುಣಸೆ ಬೀಜದಷ್ಟು ಪುಟಾಣಿ ಕಾಯಿ ಮೊದಲೇ ಇರುತ್ತದೆ. ಗಂಡಿಗೆ ಬರೀ ತೆಳ್ಳಗಿನ ತೊಟ್ಟು. ತುಡುವೆ ಜೇನು ಓಡಾಡುವ ಮನೆಯಲ್ಲಿ ಅದೇ ಕೆಲಸ ಮಾಡುತ್ತದೆ. ಆದರೂ ಒಂದೆರಡು ಹೂವಿಗೆ ಪುಟ್ಟನೇ ಜೇನಾಗಲಿ. ಬೆಳಿಗ್ಗೆ ಆರರಿಂದ ಒಂಬತ್ತರ ಒಳಗೆ, ಆಗಷ್ಟೇ ಅರಳಿದ ಗಂಡು ಹೂವನ್ನು ಕೊಯ್ದು, ಎಸಳು ಹಿಂದಕ್ಕೆ ಮಡಚಿ, ನಡುವಿನ ಹಳದಿ ಹುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಬೇಕು. ಒಂದು ಗಂಡು ಹೂ ಎರಡು ಮೂರು ಹೆಣ್ಣಿಗೆ ಸಾಕು. ಬಿಸಿಲೇರಿದ ಮೇಲೆ ಮಾಡಿದರೆ ಹುಡಿ ಒಣಗಿರುತ್ತದೆ, ಕಾಯಿ ಕಚ್ಚುವುದಿಲ್ಲ. ಅರೆಬರೆ ಸವರಿದರೆ ಕಾಯಿ ಒಂದು ಬದಿ ಉಬ್ಬಿ ಇನ್ನೊಂದು ಬದಿ ಸೊಟ್ಟಗಾಗುತ್ತದೆ. ಹುಡಿ ತಲುಪದ ಕಡೆಯ ಬೀಜ ಬೆಳೆಯದೆ ಹೋದದ್ದೇ ಅದಕ್ಕೆ ಕಾರಣ. ಆ ಸೊಟ್ಟ ಕಾಯಿಯನ್ನು ಎಸೆಯಬೇಡಿ, ಸೀಳಿ ಒಳಗೆ ತೋರಿಸಿ.

ಕಾಯಿ ಕಚ್ಚಿ ಎರಡು ಮೂರು ದಿನಕ್ಕೆ ಕಾಗದದ ಚೀಲ ತೊಡಿಸಬೇಕು, ಇಲ್ಲದಿದ್ದರೆ ಹಣ್ಣುನೊಣ ಚುಚ್ಚಿ ಮೊಟ್ಟೆಯಿಡುತ್ತದೆ. ಚುಚ್ಚಿದ ಕಾಯಿಯಿಂದ ಅಂಟು ಒಸರುತ್ತದೆ, ಆಮೇಲೆ ಕೊಳೆಯುತ್ತದೆ. ಅದನ್ನು ಗೊಬ್ಬರಗುಂಡಿಗೆ ಹಾಕಿದರೆ ಒಳಗಿನ ಹುಳುಗಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತವೆ. ಬಿಸಿ ನೀರಿಗೆ ಹಾಕಿ ಆಮೇಲೆ ಎಸೆಯಬೇಕು. ಹಣ್ಣಾದ ಮೊಗೆಕಾಯಿಗಳನ್ನು ಅಮ್ಮ ಬಾಳೆನಾರಿನಲ್ಲಿ ಕಟ್ಟಿ ಅಟ್ಟಕ್ಕೆ ತೂಗು ಹಾಕುವಾಗ ಪುಟ್ಟನನ್ನು ಏಣಿಯ ಕೆಳಗೆ ನಿಲ್ಲಿಸಿ ಎಣಿಸಲು ಹೇಳಲಿ. ಮಳೆಗಾಲದ ಆಟಿ ತಿಂಗಳ ಸಾಂಬಾರಿಗೆ ಕಾಯಿ ಎಲ್ಲಿಂದ ಬಂತು ಎಂದು ಆಗ ಕೇಳಿದರೆ ಅವನೇ ಮೇಲೆ ಕೈ ತೋರಿಸುತ್ತಾನೆ.

ಈಗ ನೀರು. ಮಕ್ಕಳ ಪಾತಿಯ ಗಿಡಗಳು ಒಣಗಿ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ. ಮಗುವಿಗೆ ಪ್ರೀತಿ ತೋರಿಸಲು ಗೊತ್ತಿರುವ ದಾರಿ ಅದೊಂದೇ. ಸಣ್ಣ ಸಸಿ ನೆಲದ ಮಟ್ಟದಲ್ಲಿ ನೂಲಿನ ಹಾಗೆ ತೆಳ್ಳಗಾಗಿ ಮಗುಚಿಬಿದ್ದರೆ ಅದು ಬುಡಕೊಳೆ. ಒದ್ದೆ ಮಣ್ಣಿನ ಬೂಷ್ಟಿನಿಂದ ಬರುವುದು. ಅದಕ್ಕೆ ಮದ್ದಿಲ್ಲ. ಮೇಲ್ಮಣ್ಣು ಒಣಗಲು ಬಿಟ್ಟು, ಖಾಲಿ ಜಾಗದಲ್ಲಿ ಮತ್ತೆ ಬಿತ್ತಬೇಕು. ಕಲಿಸಬೇಕಾದದ್ದು ಬೆರಳಿನ ಪರೀಕ್ಷೆ. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ ತೆಗೆದಾಗ ಮಣ್ಣು ಅಂಟಿಕೊಂಡರೆ ಇವತ್ತು ನೀರು ಬೇಡ, ಒಣ ಹುಡಿ ಉದುರಿದರೆ ಬೇಕು. ಬೇಸಿಗೆಯಲ್ಲಿ ಈ ಪಾತಿಗೆ ದಿನಕ್ಕೆ ನಾಲ್ಕೈದು ಲೀಟರ್ ಹಿಡಿಯುತ್ತದೆ. ಅವನಿಗೆ ಒಂದು ಲೀಟರಿನ ಡಬ್ಬಿ ಕೊಡು, ಮುಚ್ಚಳಕ್ಕೆ ಸಣ್ಣ ಮೊಳೆಯಿಂದ ಹತ್ತು ತೂತು ಮಾಡಿ. ಎರಡು ಲೀಟರ್ ದಾಟಿದರೆ ಅವನು ಎತ್ತಲಾರದೆ ಒಂದೇ ಕಡೆ ಸುರಿಯುತ್ತಾನೆ, ಹರಿವೆಯ ಬೇರು ಎದ್ದುಬರುತ್ತದೆ. ಐದು ಡಬ್ಬಿ ಎಂದರೆ ಐದು ಸಲ ಓಡಾಟ. ನೀರಿನ ಬೆಲೆ ಕಾಲಿಗೂ ಗೊತ್ತಾಗಬೇಕು.

ನೀರು ಎಲ್ಲಿಂದ ಎಂಬುದೂ ಊಟದ ಕಥೆಯ ಒಳಗಿನದೇ. ಮನೆ ಹಿಂದೆ ನೀರಿಗೆಂದು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ಬಾಯಿಗೆ ಹತ್ತು ಲೀಟರ್ ಬಕೆಟ್ ಹಿಡಿದು ತುಂಬಲು ಎಷ್ಟು ಹೊತ್ತು ಬೇಕು ಎಂದು ತಿಂಗಳಿಗೊಮ್ಮೆ ಎಣಿಸಿ, ಕ್ಯಾಲೆಂಡರಿನಲ್ಲಿ ಬರೆಯಿರಿ. ನವೆಂಬರಿನ ಲೆಕ್ಕಕ್ಕೂ ಏಪ್ರಿಲಿನ ಲೆಕ್ಕಕ್ಕೂ ಇರುವ ವ್ಯತ್ಯಾಸ ಕಂಡರೆ ಸಾಕು, ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲಿನ ಮಳೆಗೆ ಅಜ್ಜ ಯಾಕೆ ಆಕಾಶ ನೋಡುತ್ತಾರೆ ಎಂದು ಅರ್ಥವಾಗುತ್ತದೆ. ಸುರಂಗದ ಒಳಗೆ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ನೀರಿನ ಡ್ರಮ್ಮಿಗೂ ಮುಚ್ಚಳ ಇರಲಿ.

ಬೀಜ ಹಾಕಿದ ಮರುದಿನವೇ ಪುಟ್ಟ ಅಗೆದು ನೋಡುತ್ತಾನೆ. ಬೈಯಬೇಡ. ನೋಡಲಿಕ್ಕೆಂದೇ ಬೇರೆ ಬೀಜ ಇಡು. ಒಂದು ಗಾಜಿನ ಲೋಟದ ಒಳಗೆ ಒದ್ದೆ ಹತ್ತಿಬಟ್ಟೆ ಸುತ್ತಿಟ್ಟು, ಬಟ್ಟೆಗೂ ಗಾಜಿಗೂ ನಡುವೆ ಐದು ಹೆಸರುಕಾಳು, ಐದು ಅಲಸಂಡೆ ಸಿಕ್ಕಿಸು. ತಳದಲ್ಲಿ ಒಂದು ಬೆರಳು ನೀರು, ಕಾಳು ಮುಳುಗಬಾರದು. ಮುಳುಗಿದರೆ ಗಾಳಿ ಸಿಗದೆ ಕೊಳೆತು ನಾರುತ್ತದೆ. ಮೊದಲು ಬೇರು, ಆಮೇಲೆ ಕುಡಿ. ಲೋಟವನ್ನು ಮಲಗಿಸಿಟ್ಟರೆ ಬೇರು ಮತ್ತೆ ಕೆಳಮುಖವಾಗಿ ಬಾಗುವುದೂ ಕಾಣುತ್ತದೆ. ಎರಡು ವಾರಕ್ಕೆ ಕಾಳಿನ ಬುತ್ತಿ ಮುಗಿದು ಅದು ಸೊರಗುತ್ತದೆ, ಅಷ್ಟರೊಳಗೆ ಮಣ್ಣಿಗೆ ಹಾಕಿ. ಬೆಳೆದದ್ದನ್ನು ಅಳೆಯಲು ತೆಂಗಿನ ಗರಿಯ ಕಡ್ಡಿ: ಆದಿತ್ಯವಾರಕ್ಕೊಂದು ಕಡ್ಡಿಯನ್ನು ಬೆಂಡೆಯ ಎತ್ತರಕ್ಕೆ ಮುರಿದು, ಅಂಗಳದ ಮೂಲೆಯಲ್ಲಿ ಸಾಲಾಗಿ ಚುಚ್ಚುತ್ತಾ ಹೋಗಲಿ. ಆರು ವಾರಕ್ಕೆ ಮೆಟ್ಟಿಲಿನ ಹಾಗೆ ಏರಿ ನಿಲ್ಲುತ್ತದೆ.

ಹುಳುಹುಪ್ಪಟೆಗೆ ಹೆಚ್ಚು ಬರೆಯುವುದಿಲ್ಲ. ಅಲಸಂಡೆಯ ಕುಡಿಗೆ ಕಪ್ಪು ಹೇನು ಹತ್ತಿದರೆ ಕುಚ್ಚಲಕ್ಕಿ ಗಂಜಿಯ ತೆಳಿಯನ್ನು ಆರಿಸಿ ಬಿಸಿಲು ಹೊತ್ತಿನಲ್ಲಿ ಚಿಮುಕಿಸಿ. ಒಣಗುವಾಗ ಹೇನನ್ನು ಅಂಟಿಸಿ ಸಾಯಿಸುತ್ತದೆ. ಸಾಲದಿದ್ದರೆ ಲೀಟರಿಗೆ 20 ಮಿ.ಲೀ. ಬೇವಿನೆಣ್ಣೆ, ಅರೆದ ಬೆಳ್ಳುಳ್ಳಿ 20 ಗ್ರಾಂ, ಬಾರ್ ಸೋಪು 5 ಗ್ರಾಂ. ಸೋಪು ಇಲ್ಲದೆ ಎಣ್ಣೆ ನೀರಿಗೆ ಬೆರೆಯದೆ ಮೇಲೆ ತೇಲಿ ಎಲೆ ಸುಡುತ್ತದೆ. ಚುಕ್ಕಿಗಳಿರುವ ಕೆಂಪು ದುಂಡು ಹುಳ ಹೇನು ತಿನ್ನುವಂಥದ್ದು, ಅದನ್ನು ಕೊಲ್ಲಬಾರದು. ಆಫ್ರಿಕನ್ ಬಸವನಹುಳು ಕಂಡರೆ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಅದರ ಮೈಯಲ್ಲಿ ಮಿದುಳಿಗೆ ಹೋಗುವ ಹುಳುವಿನ ಮರಿಗಳಿರಬಹುದು. ದೊಡ್ಡವರೇ ಇಕ್ಕಳದಲ್ಲಿ ಹೆಕ್ಕಿ ಉಪ್ಪುನೀರಿಗೆ ಹಾಕಿ. ನವಿಲು, ಕೋಳಿಗೆ ಕಡಲ ಕಡೆಯಿಂದ ತಂದ ಹಳೆ ಮೀನುಬಲೆ ಸುತ್ತು ಕಟ್ಟಿದರೆ ಮುಗಿಯಿತು. ಅಂಗಡಿಯ ವಿಷ ಬೇಡ ಎಂದು ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಏನು ಮಾಡಿತು ಎಂದು ನಮ್ಮ ಕಾಸರಗೋಡಿನ ಎಣ್ಮಕಜೆಯ ಮನೆಮನೆಗೆ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು ಅದೆಲ್ಲ ಆದ ಮೇಲೆ.

ಜಾಗ್ರತೆಯ ಮಾತು ಮೂರೇ. ಕೇಳದೆ ಯಾವುದನ್ನೂ ಬಾಯಿಗೆ ಹಾಕಬಾರದು. ಕೆಸುವಿನ ಹಸಿ ದಂಟು ಗಂಟಲು ತುರಿಸುತ್ತದೆ, ಹಸಿ ಮರಗೆಣಸು ವಿಷ. ಮಣ್ಣು ಮುಟ್ಟಿದ ಕೈಗೆ ಸೋಪು, ಉಗುರಿನ ಸಂದಿಗೂ. ಮತ್ತೆ ಪಾತಿಯ ಮಣ್ಣಿಗೆ ಹೊದಿಸುವ ತರಗೆಲೆ ಎರಡು ಬೆರಳಿಗಿಂತ ದಪ್ಪ ಬೇಡ, ಹಾವು ಮಲಗುತ್ತದೆ. ಬೆಳಿಗ್ಗೆ ಮೊದಲು ನೀನು ಕೋಲಿನಿಂದ ಕೆದಕಿ ನೋಡಿ ಆಮೇಲೆ ಅವನನ್ನು ಕರೆ. ಐದರಿಂದ ಆರು ವರ್ಷದ ಡಿಪಿಟಿ ಚುಚ್ಚುಮದ್ದು ಆಗಿದೆಯೇ ಎಂದು ಪುಟ್ಟನ ಅಮ್ಮ ಕಾರ್ಡ್ ನೋಡಲಿ, ಧನುರ್ವಾತಕ್ಕೆ ಅದೇ ಕಾವಲು.

ಕೊನೆಗೆ ಅಕ್ಕಿ, ಪುಟ್ಟನ ಪ್ರಶ್ನೆ ಅದೇ ಅಲ್ಲವೇ. ಗದ್ದೆ ಇಲ್ಲದಿದ್ದರೂ ಎರಡು ಬಕೆಟ್ ಇದೆ. ತೂತಿಲ್ಲದ, ಬಾಯಿ ಒಂದಡಿ ಅಗಲ ಇರುವ ಬಕೆಟ್. ಮುಕ್ಕಾಲು ಭಾಗ ಗದ್ದೆಯ ಕೆಸರು, ಒಂದೊಂದಕ್ಕೆ ಎರಡು ಗೆರಟೆ ಗೊಬ್ಬರ. ಸುಗ್ಗಿ ಬೆಳೆಯ ಹೊತ್ತು ಇದು, ಬೀಜಕ್ಕೆ 'ಜ್ಯೋತಿ' ತಳಿ ಸಾಕು, ನಾಲ್ಕು ತಿಂಗಳೊಳಗೆ ಆಗುತ್ತದೆ, ಅಕ್ಕಿಯೂ ಕೆಂಪು. ಒಂದು ಮುಷ್ಟಿ ಭತ್ತವನ್ನು ಒಂದು ದಿನ ನೆನೆಸಿ, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಡು. ಮೊಳಕೆ ಬಂದದ್ದನ್ನು ಕೆಸರು ತುಂಬಿದ ಹಾಳೆಯಲ್ಲಿ ಹರಡಿ ಇಪ್ಪತ್ತು ದಿನ ಬೆಳೆಸಿ ನೇಜಿ (ನೆಡುವ ಸಸಿ) ಮಾಡು. ಬಕೆಟಿಗೆ ನಾಲ್ಕು ಬುಡ, ಬುಡಕ್ಕೆ ಎರಡು ನೇಜಿ, ಒಂದು ಇಂಚು ಆಳ. ಆಳ ಹೆಚ್ಚಾದರೆ ಬುಡದಿಂದ ಹೊಸ ಕವಲು, ಅಂದರೆ ತೆಂಡೆ, ಒಡೆಯುವುದಿಲ್ಲ. ಮೊದಲು ಒಂದು ಇಂಚು ನೀರು, ಬೇರು ಹಿಡಿದ ಮೇಲೆ ಎರಡು ಇಂಚು. ನಿಂತ ನೀರಿಗೆ ಸೊಳ್ಳೆ ಬರುತ್ತದೆ, ಎರಡೆರಡು ಗಪ್ಪಿ ಮೀನು ಬಿಡಿ. ಕದಿರು ಬಂದಾಗ ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ನೋಡಿದರೆ ಒಂದೊಂದು ಕಾಳೂ ಬಾಯಿ ತೆರೆದು ಬಿಳಿ ಕೇಸರ ಹೊರಗೆ ಹಾಕಿರುತ್ತದೆ. ಗಂಟೆ ಕಳೆಯುವುದರೊಳಗೆ ಮುಚ್ಚಿಕೊಳ್ಳುತ್ತದೆ. ವಾರ ಬಿಟ್ಟು ಕಾಳು ಹಿಚುಕಿದರೆ ಹಾಲು. ಆ ಹಾಲಿಗೆ ಸಣ್ಣ ಹಕ್ಕಿಗಳು ಮುತ್ತುವುದರಿಂದ ಬಲೆ ಅಲ್ಲಿಗೂ ಬೇಕು. ಕೊಯ್ಲಿಗೆ ಹತ್ತು ದಿನ ಇರುವಾಗ ನೀರು ನಿಲ್ಲಿಸು.

ಲೆಕ್ಕ ಹೇಳುತ್ತೇನೆ. ಹೆಕ್ಟೇರಿಗೆ ನಾಲ್ಕು ಟನ್ ಬರುವ ಗದ್ದೆಯಲ್ಲಿ ಒಂದು ಚದರ ಮೀಟರಿಗೆ 400 ಗ್ರಾಂ ಭತ್ತ. ಬಕೆಟಿನ ಬಾಯಿ ಚದರ ಮೀಟರಿನ ಹದಿನಾಲ್ಕರಲ್ಲಿ ಒಂದು ಪಾಲು, ಗದ್ದೆಯ ಲೆಕ್ಕಕ್ಕೆ ಸುಮಾರು 29 ಗ್ರಾಂ. ಸುತ್ತಲಿಂದ ಬೆಳಕು ಸಿಗುವುದರಿಂದ ಚೆನ್ನಾಗಿ ಬಂದರೆ 50 ಆದೀತು. ಎರಡು ಬಕೆಟಿಗೆ 100 ಗ್ರಾಂ ಭತ್ತ, ಕುಟ್ಟಿದರೆ 65 ಗ್ರಾಂ ಅಕ್ಕಿ. ನಾಲ್ಕು ತಿಂಗಳಿಗೆ ಪುಟ್ಟನ ಒಂದು ಹೊತ್ತಿನ ಊಟ. ಅಷ್ಟು ಭತ್ತವನ್ನೇ ಅಮ್ಮ ರಾತ್ರಿ ನೆನೆಸಿ, ಸಿಪ್ಪೆ ಬಿರಿಯುವವರೆಗೆ ಬೇಯಿಸಿ, ಒಣಗಿಸಿ, ಒರಳಿಗೆ ಹಾಕಿ ಕುಟ್ಟಿ, ಗೆರಸೆಯಲ್ಲಿ ಗಾಳಿಸಿ ತೋರಿಸಲಿ. ಉಮಿ ಹಾರುವುದನ್ನು ನೋಡಿದ ಮಗುವಿಗೆ ಅಕ್ಕಿಯ ಮೂಟೆ ಬೇರೆಯೇ ಕಾಣುತ್ತದೆ.

ಹಾಗೆಂದು ತಟ್ಟೆಯಲ್ಲಿರುವುದೆಲ್ಲ ನಮ್ಮ ಅಂಗಳದ್ದು ಎಂದು ಸುಳ್ಳು ಹೇಳಬೇಡಿ. ತೊಗರಿಬೇಳೆ ಕಲಬುರಗಿಯ ಕಪ್ಪು ಮಣ್ಣಿನಿಂದ ಬಂದಿರಬಹುದು, ಚಪಾತಿಯ ಗೋಧಿ ಇನ್ನೂ ಉತ್ತರದ್ದು, ಉಪ್ಪು ಕಡಲಿನದು. ತಟ್ಟೆಯ ಒಂದೊಂದು ಪದಾರ್ಥಕ್ಕೂ 'ಇದು ನಮ್ಮಲ್ಲಿ ಆಗುತ್ತದಾ, ಎಲ್ಲಿಂದ ಬಂತು' ಎಂದು ವಾರಕ್ಕೊಂದು ದಿನ ಕೇಳಿದರೆ ಸಾಕು. ಹಾಲಿನ ವಿಷಯಕ್ಕೆ ಪ್ಯಾಕೆಟ್ ತೋರಿಸುವ ಮೊದಲು ಹಟ್ಟಿಯ ಗಿಡ್ಡ ದನದ ಕರುವನ್ನು ತೋರಿಸಿ. ಹಾಲು ಮೊದಲು ಅದರದ್ದು.

ಇಲ್ಲಿಂದ ಬೀಜ ಕಳಿಸು ಅಂದಿದ್ದಿ. ಸಸ್ಯರೋಗದ ತಪಾಸಣೆ ಪತ್ರ ಇಲ್ಲದೆ ಬೀಜವನ್ನು ಅಂಚೆಯಲ್ಲಿ ಕಳಿಸುವ ಹಾಗಿಲ್ಲ. ಬೇಸಿಗೆಯಲ್ಲಿ ಹದಿನಾರು ಗಂಟೆ ಹಗಲಿರುವ ಊರಿನ ಬೀಜ ಅಲ್ಲಿಗೆ ಹೊಂದುವುದೂ ಕಷ್ಟ. ಅಮ್ಮನ ಹತ್ತಿರ ಬೂದಿ ಬೆರೆಸಿ ಕುಪ್ಪಿಯಲ್ಲಿಟ್ಟ ಅಲಸಂಡೆ ಇರಬೇಕು, ಅದನ್ನೇ ಹಾಕಿ. ಮೊದಲು ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿಟ್ಟು ನೋಡು, ಏಳಕ್ಕಿಂತ ಕಡಿಮೆ ಮೊಳೆತರೆ ಗುಣಿಗೆ ಮೂರು ಹಾಕು. ಸುಣ್ಣ ಹಾಕಿದ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡು, ಹದಿನಾಲ್ಕು ದಿನ ಎಣಿಸುವ ಕೆಲಸ ಪುಟ್ಟನಿಗಿರಲಿ.

ಅವನ ಅತ್ತೆಯ ಮುದ್ದು ಅವನಿಗೆ ಕೊಡು.

ನಿನ್ನ
ಅಕ್ಕ